ಹಿಮಾಲಯ ಬಿಟ್ಟು ಕೊಡಗಿನಲ್ಲೇನಿದೆ?

ಖಂಡಗಳು ಹೇಗೆ ಹುಟ್ಟುತ್ತವೆ, ಹೇಗೆ ಡಿಕ್ಕಿ ಹೊಡೆಯುತ್ತವೆ ಅನ್ನೋದನ್ನು ಕಲಿಯುವುದು, ಕಲಿಸುವುದು ನನ್ನ ಕೆಲಸ. ಹಾಗಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ. "ಅದಕ್ಕೆ ಹಿಮಾಲಯಕ್ಕೆ ಹೋಗ್ಬೇಕಲ್ವಾ ಮೇಡಂ? ನಮ್ಮ ಕಾಫಿ ತೋಟದಲ್ಲಿ ಏನು ಸಿಗುತ್ತೆ?"

ಹಿಮಾಲಯದಲ್ಲಿ ಡಿಕ್ಕಿ ಇನ್ನೂ ನಡೆಯುತ್ತಿದೆ. ಭಾರತ ಏಷ್ಯಾಕ್ಕೆ ತಾಗಿ ಸುಮಾರು 5 ಕೋಟಿ ವರ್ಷವಾಯಿತು, ತಳ್ಳುವುದು ನಿಂತಿಲ್ಲ. ಆದರೆ ಅಲ್ಲಿ ಜಾಸ್ತಿ ಕಾಣುವುದು ಬೆಟ್ಟದ ನೆತ್ತಿ. ಬೇರು ಹತ್ತಾರು ಕಿಲೋಮೀಟರ್ ಆಳದಲ್ಲಿದೆ. ಯಾವ ಬೋರ್‌ವೆಲ್ಲೂ ಅಲ್ಲಿಗೆ ಮುಟ್ಟುವುದಿಲ್ಲ. ಕೊಡಗಿನಲ್ಲಿ ಮೇಲಿನದೆಲ್ಲ ಸವೆದುಹೋಗಿ ಅಂಥ ಬೇರೇ ಹೊರಗೆ ಬಂದಿದೆ.

ನಮ್ಮಲ್ಲಿ ಚಾರ್ನೊಕೈಟ್ ಎಂಬ ಕಲ್ಲು ಧಾರಾಳವಾಗಿದೆ. ಒಡೆದರೆ ಒಳಗೆ ಎಣ್ಣೆ ಸವರಿದಂಥ ಹಸಿರುಗಪ್ಪು. ಸುಮಾರು 20–30 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಮೀರಿದ ಬಿಸಿಯಲ್ಲಿ ಬೆಂದ ಕಲ್ಲು ಅದು. ಅದನ್ನು ಪುಡಿ ಮಾಡಿ ಜಾಲಾಡಿದರೆ ಜಿರ್ಕಾನ್ ಸಿಗುತ್ತದೆ, ಸಣ್ಣ ರವೆಗಿಂತ ಚಿಕ್ಕ ಹರಳು. ಅದರೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಇರುತ್ತದೆ. ಯುರೇನಿಯಂ 238ರಲ್ಲಿ ಅರ್ಧ ಸೀಸವಾಗಲು 447 ಕೋಟಿ ವರ್ಷ ಬೇಕು. ಎಷ್ಟು ಆಗಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಕೊಡಗಿನ ಹರಳುಗಳಲ್ಲಿ ಬಹಳಷ್ಟು 300 ಕೋಟಿ ವರ್ಷ ದಾಟಿದವು! ದಕ್ಷಿಣಕ್ಕೆ, ನೀಲಗಿರಿಯ ಕಲ್ಲು 250 ಕೋಟಿ ವರ್ಷದ ಆಸುಪಾಸಿನಲ್ಲಿ ಬೆಂದ ಗುರುತು ಹೊತ್ತಿದೆ. ಕೊಡಗಿನ ಕಲ್ಲಲ್ಲಿ ಆ ಗುರುತು ಸಿಗುವುದೇ ಕಷ್ಟ. ಪಕ್ಕದಲ್ಲೇ ಇದ್ದರೂ ಇವೆರಡರ ಕಥೆ ಬೇರೆ. ಅದಕ್ಕೇ ಕೊಡಗು ಒಂದು ಕಾಲಕ್ಕೆ ಪ್ರತ್ಯೇಕ ತುಂಡಾಗಿತ್ತು ಅನ್ನುವ ವಾದದ ಕಡೆ ನಾನಿದ್ದೇನೆ. ಮಡಿಕೇರಿ ಹತ್ತಿರ ಹಾಯುವ, ಕಲ್ಲುಗಳು ಉಜ್ಜಿ ಎಳೆದುಹೋದ ಪಟ್ಟಿಯೇ ಆ ತುಂಡು ಕರ್ನಾಟಕದ ಬಹುಭಾಗಕ್ಕೆ ತಳಹದಿಯಾದ, ಧಾರವಾಡದ ಹೆಸರು ಹೊತ್ತ ಹಳೆಯ ಭೂಭಾಗಕ್ಕೆ ಅಂಟಿದ ಹೊಲಿಗೆ. ಅಷ್ಟು ಹಿಂದೆಯೂ ಖಂಡಗಳನ್ನು ಹೊತ್ತ ಭೂಮಿಯ ಫಲಕಗಳು ಇವತ್ತಿನ ಹಾಗೇ ಓಡಾಡುತ್ತಿದ್ದವೇ? ಆ ಚರ್ಚೆ ಮುಗಿದಿಲ್ಲ. ನನ್ನನ್ನು ಇಷ್ಟು ವರ್ಷ ಇಲ್ಲಿ ಹಿಡಿದಿಟ್ಟಿರುವುದೂ ಅದೇ.

ಹಾಗಂತ ತಡಿಯಂಡಮೋಳ್ ಅಷ್ಟು ಹಳೆಯ ಬೆಟ್ಟ ಅಂದುಕೊಳ್ಳಬೇಡಿ. ಕಲ್ಲಿನ ವಯಸ್ಸೇ ಬೇರೆ, ಬೆಟ್ಟದ ವಯಸ್ಸೇ ಬೇರೆ. ಪಶ್ಚಿಮ ಘಟ್ಟದ ಈ ಏರು ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಮೇಲಿನದು. ಅದಾಗಿ ಸುಮಾರು 9 ಕೋಟಿ ವರ್ಷ.

ಕೆಂಪು ಮಣ್ಣು, ಮರ ಎಲ್ಲವನ್ನೂ ಮುಚ್ಚಿರುವುದರಿಂದ ನಮಗೆ ಕಲ್ಲು ಕಾಣುವುದು ಹೊಳೆಯಲ್ಲಿ, ಕ್ವಾರಿಯಲ್ಲಿ, ರಸ್ತೆಗೆ ಗುಡ್ಡ ಕಡಿದಲ್ಲಿ. ನಿಮ್ಮ ತೋಟದ ತೋಡಿನ ಬಂಡೆಯಲ್ಲಿ ಹಿಟ್ಟು ಎಳೆದ ಹಾಗೆ ಪಟ್ಟೆಗಳು ಕಂಡರೆ ಒಂದು ಫೋಟೊ ಕಳಿಸಿ. ಮಳೆ ಬಿಟ್ಟ ಮೇಲೆ ಬಂದು ನೋಡುತ್ತೇನೆ.