ನಾಲ್ಕು ಬೆರಳಿನ ಅಂತರ

‘ರಥದ ಮೇಷ್ಟ್ರು ಹೋಗಿಬಿಟ್ರು ಕಣೋ’ ಎಂದು ಗೆಳೆಯ ಫೋನ್ ಮಾಡಿದಾಗ ನಾನು ಕೋರ್ಟಿನ ಜಗಲಿಯಲ್ಲಿ ನಿಂತಿದ್ದೆ. ಆ ದಿನ ಕೇಸಿಗೆ ವಾಯಿದೆ ಕೇಳಿ ಮನೆಗೆ ಬಂದುಬಿಟ್ಟೆ.

1979ರಲ್ಲಿ ಅವರು ನಮಗೆ ಒಂಬತ್ತನೇ ತರಗತಿಗೆ ಸಂಸ್ಕೃತ ಹೇಳಿಕೊಟ್ಟರು. ಪುಸ್ತಕದಲ್ಲಿ ಏನೇನು ಪಾಠ ಇತ್ತೋ, ಎಲ್ಲ ಮರೆತಿದೆ. ಬೋರ್ಡಿನ ಮೇಲಿನ ಒಂದು ಲೆಕ್ಕ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಅಕ್ಷೌಹಿಣಿ ಸೇನೆಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ‘ಕೌರವರದು ಹನ್ನೊಂದು, ಪಾಂಡವರದು ಏಳು. ಗುಣಿಸ್ರೋ’ ಅಂದರು. ಎಲ್ಲ ಕೂಡಿ 39,36,600 ಬಂತು. ಅದನ್ನು ಅಂಗೈಯಿಂದಲೇ ಒರೆಸಿ, ಆ ಬಿಳಿ ಮಸುಕಿನ ಮೇಲೆ 7 ಮತ್ತು 3 ಎಂದು ಬರೆದರು. ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ ಮೇಲೆ ಉಳಿದವರು ಅಷ್ಟೇ, ಪಾಂಡವರ ಕಡೆ ಏಳು, ಕೌರವರ ಕಡೆ ಮೂರು. ಗೆದ್ದ ಧರ್ಮರಾಯ ‘ಜಯೋಽಯಮಜಯಾಕಾರಃ’ ಎಂದು ಅತ್ತನಂತೆ. ಸೋಲಿನ ರೂಪದ ಗೆಲುವು.

‘ಗೀತೆ ಯುದ್ಧಕ್ಕೆ ಮುಂಚಿನ ಮಾತು. ಯುದ್ಧ ಮುಗಿದ ಮೇಲೆ ಗೆದ್ದವನೇ ರಾಜ್ಯ ಬೇಡ ಅಂತ ಕೂತ. ಅವನನ್ನ ಸಮಾಧಾನ ಮಾಡೋಕೆ ಶಾಂತಿಪರ್ವ ಬೇಕಾಯ್ತು. ಹದಿನೆಂಟು ಪರ್ವದಲ್ಲಿ ಅದೇ ದೊಡ್ಡದು, ಯಾಕೆ ಅಂತ ಯೋಚನೆ ಮಾಡ್ರೋ’ ಎನ್ನುತ್ತಿದ್ದರು. ಇಂಥ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ನನ್ನ ತಂಗಿಯ ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಸಂಸ್ಕೃತಕ್ಕೆ 125ಕ್ಕೆ 125 ತೆಗೆದಳು. ಜಾಣೆ. ಆದರೆ ಗಾಂಧಾರಿ ರಣರಂಗದಲ್ಲಿ ನಿಂತು ಅತ್ತ ಕಥೆಯನ್ನು ಅವಳಿಗೆ ಯಾರೂ ಹೇಳಿಲ್ಲ. ಇದಕ್ಕೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ನಮ್ಮ ಶಾಲೆಯ ಗಂಟೆ ಎಂದರೆ ತೂಗುಹಾಕಿದ ರೈಲು ಕಂಬಿಯ ತುಂಡು. ಒಂದು ಮಧ್ಯಾಹ್ನ ಇಪ್ಪತ್ತು ನಿಮಿಷ ಮೊದಲೇ ಬಿಡುವ ಗಂಟೆ ಬಾರಿಸಿದೆವು. ಬಾರಿಸಿದವನು ಗೆಳೆಯ, ಕಾವಲಿಗೆ ನಿಂತವನು ನಾನು. ಇಡೀ ಶಾಲೆ ಬಯಲಿಗೆ ಓಡಿತು. ಬೈಸಿಕೊಂಡವನು ಪಾಪ, ಜವಾನ. ಮೇಷ್ಟ್ರು ಕೇಳಿದಾಗ ‘ನಾನು ಗಂಟೆ ಮುಟ್ಟೇ ಇಲ್ಲ ಸಾರ್’ ಎಂದೆ. ಅದು ನಿಜವೇ ಆಗಿತ್ತು.

ಮರುದಿನ ದ್ರೋಣಪರ್ವ. ಭೀಮ ಅಶ್ವತ್ಥಾಮನೆಂಬ ಆನೆಯನ್ನು ಕೊಂದದ್ದು, ಧರ್ಮರಾಯ ‘ಅಶ್ವತ್ಥಾಮ ಸತ್ತ’ ಎಂಬುದನ್ನು ಗಟ್ಟಿಯಾಗಿ ಹೇಳಿ ‘ಆನೆ’ ಎಂಬುದನ್ನು ಬಾಯೊಳಗೇ ನುಂಗಿದ್ದು. ಮೇಷ್ಟ್ರು ಮೇಜಿನಿಂದ ನಾಲ್ಕು ಬೆರಳು ಮೇಲೆ ಅಂಗೈ ಚಾಚಿ ಹಿಡಿದರು. ‘ಅಲ್ಲೀವರೆಗೆ ಅವನ ರಥ ನೆಲದಿಂದ ಇಷ್ಟು ಎತ್ತರದಲ್ಲಿ ಓಡ್ತಿತ್ತು.’ ಕೈ ಮೆಲ್ಲಗೆ ಇಳಿದು ಮೇಜಿಗೆ ತಾಗಿತು. ನನ್ನ ಕಡೆ ನೋಡಲೂ ಇಲ್ಲ.

ಮೂವತ್ತೊಂದು ವರ್ಷದ ವಕೀಲಿಕೆಯಲ್ಲಿ ಒಬ್ಬ ಸಾಕ್ಷಿಗೂ ನಾನು ಅರ್ಧ ಮಾತು ನುಂಗಲು ಹೇಳಿಕೊಟ್ಟಿಲ್ಲ. ನಮ್ಮ ವಕೀಲರ ಸಂಘದಲ್ಲಿ ಯಾರನ್ನು ಬೇಕಾದರೂ ಕೇಳಿ.

ಆ ದಿನ ಎದ್ದು ನಿಂತು ಎಲ್ಲ ಹೇಳಿಬಿಟ್ಟೆ, ಗೆಳೆಯನ ಹೆಸರೊಂದನ್ನು ಬಿಟ್ಟು. ಮೇಷ್ಟ್ರು ಬಯ್ಯಲಿಲ್ಲ. ‘ಮೊದಲು ಹೋಗಿ ಜವಾನನ ಹತ್ರ ಹೇಳು’ ಎಂದರು. ನಾನು ಬಾಗಿಲು ದಾಟುವಷ್ಟರಲ್ಲಿ ಹಿಂದಿನ ಬೆಂಚು ಕಿರುಗುಟ್ಟಿತು. ಗಂಟೆ ಬಾರಿಸಿದವನೂ ಎದ್ದು ನನ್ನ ಹಿಂದೆ ಬಂದ. ಮೊನ್ನೆ ಫೋನ್ ಮಾಡಿದವನು ಅವನೇ.