ಸ್ನಾರ್ಕೆಲ್, ಸೋರೆಬುರುಡೆ ಮತ್ತು ನೇತ್ರಾಣಿಯ ಅಲೆ

ಹೋದ ವಾರ ಆಫೀಸಿನ ಹುಡುಗನೊಬ್ಬ ಸ್ಕೂಬಾ ಕೋರ್ಸ್‌ಗೆ ಸೇರಿದ್ದೇನೆ ಎಂದ. ಪೂಲ್ ಟ್ರೇನಿಂಗ್ ಬೆಂಗಳೂರಲ್ಲೇ, ಸಮುದ್ರದ ಡೈವ್ ನೇತ್ರಾಣಿಯಲ್ಲಿ. ಅವನಿಗೆ ಒಂದೇ ಅನುಮಾನ: ಬೆನ್ನ ಮೇಲೆ ಸಿಲಿಂಡರೇ ಇರುತ್ತಲ್ಲ, ಮತ್ತೆ ನೀರ ಮೇಲಿನ ಗಾಳಿ ಎಳೆಯೋ ಈ ಕೊಳವೆ, ಸ್ನಾರ್ಕೆಲ್ ಯಾಕೆ? ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ನೀರಿಗೆ ಇಳಿದಿದ್ದೆ.

ನಾನು ಕಲಿತ ಕಡೆ ಪೂಲ್ ದಿನ ಎಲ್ಲವೂ ಆತುರ. ಮಾಸ್ಕ್‌ನಿಂದ ನೀರು ತೆಗೆಯೋದು, ಸಿಲಿಂಡರ್ ಗಾಳಿಯನ್ನ ಬಾಯಿಗೆ ಕೊಡುವ ರೆಗ್ಯುಲೇಟರ್ ಹುಡುಕೋದು, ಇವಕ್ಕೆಲ್ಲ ಸಮಯ ಕೊಟ್ಟರು. ನೀರಿನ ಮೇಲೆ ಮಾಡುವ ಅಭ್ಯಾಸವನ್ನು ಮಾತ್ರ ಕೊನೆಯ ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಪೂಲ್‌ನಲ್ಲಿ ಅಲೆ ಇಲ್ಲ, ಕಾಲಿಟ್ಟರೆ ನೆಲ ಸಿಗುತ್ತದೆ, ಹಾಗಾಗಿ ನನಗೂ ಏನೂ ಕಡಿಮೆಯಾಯಿತು ಅನ್ನಿಸಲಿಲ್ಲ.

ನೇತ್ರಾಣಿ ದ್ವೀಪ ಇರೋದು ಮುರ್ಡೇಶ್ವರದಿಂದ ಸುಮಾರು 20 ಕಿಲೋಮೀಟರ್ ಒಳಗೆ, ನಡು ಸಮುದ್ರದಲ್ಲಿ. ಎರಡನೇ ದಿನದ ಡೈವ್ ಮುಗಿಸಿ ಮೇಲೆ ಬಂದೆ. ಕೆಳಗೆ ಗಿಳಿಮೀನುಗಳ ಹಿಂಡು ನೋಡಿದ್ದ ಖುಷಿ, ಅದನ್ನ ಬಡ್ಡಿಗೆ, ಅಂದರೆ ಜೊತೆಗೆ ಇಳಿದಿದ್ದ ಡೈವರ್ ಗೆಳತಿಗೆ, ಹೇಳಬೇಕು ಅಂತ ರೆಗ್ಯುಲೇಟರ್ ಬಾಯಿಂದ ತೆಗೆದೆ. ಬಿಸಿಡಿಗೆ, ಅಂದರೆ ಗಾಳಿ ತುಂಬಿದರೆ ತೇಲಿಸುವ ಜಾಕೆಟ್‌ಗೆ, ಗಾಳಿ ತುಂಬಿರಲಿಲ್ಲ. ಒಂದು ಅಲೆ ಮುಖಕ್ಕೆ ಬಡಿಯಿತು, ಗಂಟಲಿಗೆ ಉಪ್ಪು ನೀರು ಹೋಯಿತು, ಕೆಮ್ಮುವಷ್ಟರಲ್ಲಿ ಇನ್ನೊಂದು ಅಲೆ, ಸೊಂಟದ ವೆಯ್ಟ್ ಬೆಲ್ಟ್ ಕೆಳಗೆ ಎಳೆಯುತ್ತಿದೆ, ನಾನು ಕೈಕಾಲು ಬಡಿಯುತ್ತಿದ್ದೇನೆ, ಎಡಗೈಯಲ್ಲೇ ಇರುವ, ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ ನೆನಪಿಗೇ ಬರುತ್ತಿಲ್ಲ. ಬಡ್ಡಿ ಬಂದು ಅದನ್ನ ಒತ್ತಿದಳು. ಹೆಚ್ಚೆಂದರೆ ಹತ್ತು ಸೆಕೆಂಡ್. ಆದರೆ ಆ ಹತ್ತು ಸೆಕೆಂಡ್ ಇವತ್ತಿಗೂ ಮೈಯಲ್ಲಿ ಇದೆ.

ಯಾಕೆ ಹೀಗಾಗುತ್ತದೆ ಅಂದರೆ, ಡೈವರ್ ಮುಳುಗಲೂ ಬಾರದು, ತೇಲಲೂ ಬಾರದು ಅನ್ನೋ ಲೆಕ್ಕದಲ್ಲಿ ತೂಕ ಕಟ್ಟಿರುತ್ತಾರೆ. ನೀರೊಳಗೆ ಅದು ಸರಿ. ಆದರೆ ತಲೆ ನೀರಿಂದ ಹೊರಗೆ ಬಂದ ಕೂಡಲೇ ಅದರ ನಾಲ್ಕೈದು ಕೆಜಿ ಭಾರವನ್ನು ನೀರು ಹೊರೋದಿಲ್ಲ. ಆ ಭಾರ ಹೊರೋಕೆ ಗಾಳಿ ಬೇಕು, ಇಲ್ಲವಾದರೆ ನಿಮ್ಮ ಕಾಲು ಬಡಿಯುತ್ತಲೇ ಇರಬೇಕು.

ಊರಿಗೆ ಹೋದಾಗ ಇದನ್ನ ಅಪ್ಪನಿಗೆ ಹೇಳಿದೆ. ಅಪ್ಪ ನಾಗಮಂಗಲ ಕಡೆಯವರು, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಬಿಸಿಡಿ ಫೋಟೋ ನೋಡಿ, "ಇದೂ ಬುರುಡೆನೇ ಅಲ್ವೇನೋ? ಬುರುಡೆಗೆ ಗಾಳಿ ತುಂಬದೆ ಬಾಯಿ ಯಾಕೋ ತೆಗೆದೆ?" ಎಂದರು. ಯಾವ ಕ್ಲಾಸಲ್ಲೂ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಬಿಸಿಡಿಗೆ ಗಾಳಿ ತುಂಬಿದ ಮೇಲೂ ಬೋಟ್ ದೂರ ಇರಬಹುದು. ಸಿಲಿಂಡರ್‌ನಲ್ಲಿ ಆಗ ಉಳಿದಿರೋದು ಒತ್ತಡದ ಲೆಕ್ಕದಲ್ಲಿ 50 ಬಾರ್ ಆಸುಪಾಸು, ಅದು ಆಪತ್ತಿಗೆ ಇಟ್ಟ ಗಾಳಿ. ಸ್ನಾರ್ಕೆಲ್ ಇದ್ದರೆ ಮುಖ ಕೆಳಗೆ ಮಾಡಿ ಮಲಗಿದ ಹಾಗೆ ನಿಧಾನಕ್ಕೆ ಈಜಬಹುದು. ತಲೆ ಎತ್ತಿ ಈಜೋದಕ್ಕಿಂತ ಸುಸ್ತು ತುಂಬಾ ಕಡಿಮೆ. ರೆಗ್ಯುಲೇಟರ್ ಬಲಗಡೆಯಿಂದ ಬರುವುದರಿಂದ ಸ್ನಾರ್ಕೆಲ್ ಯಾವಾಗಲೂ ಎಡಗಡೆ.

ಕಷ್ಟ ಇರೋದು ಕೊಳವೆಗೆ ನೀರು ತುಂಬಿದಾಗ. ಬಾಯಿಂದ ಒಮ್ಮೆಲೇ "ಟೂ" ಅಂತ ಜೋರಾಗಿ ಊದಬೇಕು. ಅದಕ್ಕೆ ಎದೆಯಲ್ಲಿ ಒಂದಷ್ಟು ಉಸಿರು ಉಳಿಸಿಕೊಂಡಿರಬೇಕು, ಇದನ್ನೇ ಜಾಸ್ತಿ ಜನ ಮರೆಯೋದು. ಊದಿದ ಮೇಲೆ ಮೊದಲ ಉಸಿರನ್ನ ನಿಧಾನಕ್ಕೆ, ಹುಷಾರಾಗಿ ಎಳೆಯಿರಿ, ಒಳಗೆ ಇನ್ನೂ ಎರಡು ಹನಿ ಉಳಿದಿರುತ್ತದೆ. ಇನ್ನೊಂದು ದಾರಿಯೂ ಇದೆ: ಉಸಿರು ಹಿಡಿದು ಸ್ವಲ್ಪ ಕೆಳಗೆ ಹೋಗಿ ಬರುವಾಗ ತಲೆ ಹಿಂದಕ್ಕೆ ಬಾಗಿಸಿ ಸ್ವಲ್ಪವೇ ಊದಿದರೆ, ಮೇಲೆ ಬರುತ್ತಾ ಗಾಳಿ ಹಿಗ್ಗಿ ನೀರನ್ನ ತಾನೇ ತಳ್ಳುತ್ತದೆ. ಸಿಲಿಂಡರ್‌ನಿಂದ ಉಸಿರಾಡುವಾಗ ಮಾತ್ರ ಉಸಿರು ಹಿಡಿಯುವ ಮಾತೇ ಇಲ್ಲ, ಇವೆರಡನ್ನೂ ಕಲಸಿಕೊಳ್ಳಬೇಡಿ.

ಕೊಳವೆ ಒಂದೂವರೆ ಗೇಣಿಗಿಂತ ಯಾಕೆ ಉದ್ದ ಇಲ್ಲ ಅಂತಲೂ ಕೆಲವರು ಕೇಳುತ್ತಾರೆ. ಕಥೆಗಳಲ್ಲಿ ಜೊಂಡಿನ ಕಡ್ಡಿ ಬಾಯಲ್ಲಿಟ್ಟು ಕೆರೆಯಡಿ ಅಡಗಿರುತ್ತಾರಲ್ಲ, ನಿಜದಲ್ಲಿ ಆಗೋದಿಲ್ಲ. ಒಂದು ಮೀಟರ್ ಆಳದಲ್ಲೇ ನೀರು ಎದೆಯನ್ನ ಒತ್ತಿ ಉಸಿರೆಳೆಯೋಕೆ ಬಿಡೋದಿಲ್ಲ. ಜೊತೆಗೆ ಬಿಟ್ಟ ಉಸಿರು ಉದ್ದ ಕೊಳವೆಯಲ್ಲೇ ಉಳಿದು ಮತ್ತೆ ಒಳಗೆ ಬರುತ್ತದೆ.

ಇನ್ನು ಕೈ ಬೀಸೋದು. ನಮ್ಮವರು ಮೇಲೆ ಬಂದ ಕೂಡಲೇ ಬೋಟ್‌ನಲ್ಲಿರೋ ಗೆಳೆಯರಿಗೆ ಕೈ ಬೀಸುತ್ತಾರೆ. ಡೈವಿಂಗ್‌ನಲ್ಲಿ ಅದರ ಅರ್ಥ ಕಾಪಾಡಿ ಅಂತ. ಚೆನ್ನಾಗಿದ್ದೇನೆ ಅನ್ನೋಕೆ ತೋಳು ಬಾಗಿಸಿ ಬೆರಳ ತುದಿ ನೆತ್ತಿಗೆ ಮುಟ್ಟಿಸಬೇಕು. ದೂರದಿಂದ ಅದು ದೊಡ್ಡ ಸೊನ್ನೆ ಹಾಗೆ ಕಾಣುತ್ತದೆ.

ಇನ್‌ಫ್ಲೇಟರ್ ಕೆಲಸ ಮಾಡದಿದ್ದರೆ ಬಾಯಿಂದ ಊದಿ ತುಂಬಿಸಿ. ಅದೂ ಸಾಲದೆ ಹೋದರೆ ವೆಯ್ಟ್ ಬೆಲ್ಟ್ ಬಿಚ್ಚಿ ಬಿಸಾಡಿ. ಬೆಲ್ಟ್ ದುಡ್ಡು ಕೊಡಬೇಕಾಗುತ್ತೇನೋ ಅಂತ ಯೋಚಿಸಿ ಕೂರಬೇಡಿ, ದಯವಿಟ್ಟು.

ಡೈವಿಂಗ್ ತರಬೇತಿ ಸಂಸ್ಥೆಯಾದ ಪಾಡಿಯ ಕೋರ್ಸ್‌ನಲ್ಲಿ 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಫಿನ್ಸ್ (ಕಾಲಿಗೆ ಹಾಕುವ ರೆಕ್ಕೆ), ಸ್ನಾರ್ಕೆಲ್ ಹಾಕಿಕೊಂಡು 300 ಮೀಟರ್. ಆಮೇಲೆ 10 ನಿಮಿಷ ಸುಮ್ನೆ ತೇಲಬೇಕು. ಆ 10 ನಿಮಿಷವನ್ನ ಹಗುರವಾಗಿ ತಗೋಬೇಡ ಎಂದು ಹುಡುಗನಿಗೆ ಹೇಳಿದ್ದೇನೆ.

ಮಾತಾಡುತ್ತಾ ಗೊತ್ತಾಯಿತು, ಅವನು ಭಾನುವಾರ ಡೈವ್ ಮುಗಿಸಿ ಅದೇ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ್ದ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಘಟ್ಟ ಹತ್ತಿಯೇ ಬರಬೇಕು, ನೀರೊಳಗೆ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯಲ್ಲಿ ಇನ್ನೂ ಇರುತ್ತದೆ, ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ತೊಂದರೆ ಕೊಡಬಹುದು. ಹಲವು ಡೈವ್ ಆದ ಮೇಲೆ ವಿಮಾನ ಹತ್ತೋಕೆ 18 ಗಂಟೆ ಬಿಡಬೇಕು ಅನ್ನುತ್ತಾರೆ. ನಾನು ಘಟ್ಟಕ್ಕೂ ಅದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಟಿಕೆಟ್ಟನ್ನ ಸೋಮವಾರ ರಾತ್ರಿಗೆ ಬದಲಾಯಿಸಿದ. ಈ ಶನಿವಾರ ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಪೂಲ್‌ಗೆ ಬರುತ್ತಿದ್ದಾನೆ, ಬರೀ ಸ್ನಾರ್ಕೆಲ್ ಹಿಡಿದುಕೊಂಡು.