ಅಂಕಸಮುದ್ರಕ್ಕೆ ಹೋಗುವುದಾದರೆ ಸಂಜೆ ಹೋಗಿ

ಅಂಕಸಮುದ್ರದಲ್ಲಿ ಹಕ್ಕಿ ಫೋಟೋ ತೆಗೆಯಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು, ಬೆಳಕು ಹರಿಯುವ ಮುಂಚೆ ಕೆರೆ ಏರಿ ಮೇಲಿರಿ ಅಂತ. ಕೂತ ಹಕ್ಕಿ ಸಾಕು ಅನ್ನುವವರಿಗೆ ಆ ಮಾತು ಸರಿ. ಹಾರುವ ಹಕ್ಕಿ ಬೇಕು ಅಂದರೆ ನನ್ನ ಪ್ರಕಾರ ಬೆಳಿಗ್ಗೆ ದಂಡ. ರಾತ್ರಿಯೆಲ್ಲ ಜಾಲಿ ಮರಗಳಲ್ಲಿ ಕೂತಿದ್ದ ಹಕ್ಕಿಗಳು ಬೆಳಗಾದ ಕೂಡಲೇ ಮೇಯಲು ಹೊರಟುಬಿಡುತ್ತವೆ. ಹೆಚ್ಚಿನವು ಬೆನ್ನು ತೋರಿಸಿಕೊಂಡು ಹೋಗುತ್ತವೆ. ಏರಿ ಕಡೆಗೇ ಬರುವ ಕೆಲವು ನಮ್ಮ ತಲೆ ಮೇಲೆ ಬರುವಷ್ಟರಲ್ಲಿ ಎತ್ತರಕ್ಕೆ ಏರಿರುತ್ತವೆ. ಆಮೇಲೆ ಸಿಗುವುದು ಬರೀ ಹೊಟ್ಟೆ. ಸಂಜೆ ಅವೇ ಹಕ್ಕಿಗಳು ಇಳಿಯಲು ಬರುತ್ತವೆ. ನಿಧಾನ, ತಗ್ಗಿನಲ್ಲಿ, ಕೆಲವು ಒಂದು ಸುತ್ತು ಹಾಕಿ. ಎಷ್ಟು ಸರಳವಾದ ಲೆಕ್ಕ ಅಲ್ವಾ? ಒಬ್ಬರಾದರೂ ಹೇಳಬಾರದಿತ್ತೇ!

ಊರು ಗೊತ್ತಿಲ್ಲದವರಿಗೆ: ಇದು ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕು. 2024ರ ಜನವರಿ ಕೊನೆಯಲ್ಲಿ ಇಲ್ಲಿನ ಕೆರೆಯೂ ಮಾಗಡಿ ಕೆರೆ, ಅಘನಾಶಿನಿ ಅಳಿವೆಯ ಜೊತೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹೆಸರು ದೊಡ್ಡದು, ಜಾಗ ಮಾತ್ರ ಊರಿನ ನೀರಾವರಿ ಕೆರೆಯೇ, ಸುಮಾರು 244 ಎಕರೆ. ಗೂಡು ಕಟ್ಟಲು, ತಂಗಲು ಬರುವ ಹಕ್ಕಿಗಳು 30,000ಕ್ಕೂ ಜಾಸ್ತಿ ಎಂದು ರಾಮ್ಸಾರ್ ದಾಖಲೆಯಲ್ಲಿದೆ. ನೀರಿನಲ್ಲೇ ನಿಂತ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು (ಐಬಿಸ್), ಬೆಳ್ಳಕ್ಕಿ, ನೀರುಕಾಗೆ. ರಂಗನತಿಟ್ಟಿನ ದೋಣಿಯಲ್ಲಿ ಅಕ್ಕಪಕ್ಕದವರ ಮೊಣಕೈ ತಿಂದವರಿಗೆ ಇಲ್ಲಿ ನೆಲದ ಮೇಲೆ ನಿಂತು ತೆಗೆಯುವುದೇ ಸ್ವರ್ಗ. ಜನ ಇದ್ದರೆ ನನಗೆ ಕ್ಯಾಮೆರಾ ಎತ್ತಲೂ ಮನಸ್ಸಾಗುವುದಿಲ್ಲ, ಹಾಗಾಗಿ ನನ್ನ ಹೊಗಳಿಕೆಯನ್ನು ಸ್ವಲ್ಪ ಕಳೆದು ಓದಿ.

ಈಗ ರೂಮಿನ ವಿಷಯ. ಎಲ್ಲರ ಹಾಗೆ ನಾವೂ ಹೊಸಪೇಟೆಯಲ್ಲಿ ಉಳಿದೆವು. ಜನವರಿ, ಅದರಲ್ಲೂ ಶನಿವಾರ. ಹಂಪಿಗೆ ಬಂದವರಿಂದ ಊರು ತುಂಬಿ ತುಳುಕುತ್ತಿತ್ತು. ಲಾಡ್ಜಿನವರು ಫೋನಿನಲ್ಲಿ 1,400 ಅಂದಿದ್ದರು, ಬ್ಯಾಗ್ ಇಳಿಸಿದ ಮೇಲೆ 2,600 ಅಂದರು. ಯಾಕೆ ಎಂದು ಕೇಳಿದರೆ ‘ಸೀಸನ್ ಸಾರ್’. ಆ ಸೀಸನ್ನಿನ ರೂಮಿನಲ್ಲಿ ಕಿಟಕಿ ತೆರೆದರೆ ಜನರೇಟರ್. ಬಿಸಿನೀರು ಆರರಿಂದ ಏಳು, ಅಂದರೆ ಹಕ್ಕಿ ನೋಡಲು ಬಂದವರು ರೂಮಿನಲ್ಲಿ ಇಲ್ಲದ ಹೊತ್ತು! ಕೆಳಗೆ ಕೌಂಟರಿನಲ್ಲೇ ಕುಳಿತಿದ್ದ ಒಬ್ಬ ‘ಬರ್ಡ್ ಪ್ಯಾಕೇಜ್’ ಎಂದು ಕಾರಿಗೆ 4,500 ಕೇಳಿದ. ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂದರೆ ತಿಂಡಿ ಆದ ಮೇಲೆ ಒಂಬತ್ತಕ್ಕೆ ಅಂದ. ಒಂಬತ್ತಕ್ಕೆ ಹೊರಟರೆ ಅಲ್ಲಿ ಸಿಗುವುದು ಬಿಸಿಲು ಮಾತ್ರ. ನೀರಿನ ಮೇಲೆ ಬಿಸಿಗಾಳಿ ಕುದಿಯಲು ಶುರುವಾದರೆ ಎಂಥ ಲೆನ್ಸ್ ಇದ್ದರೂ ಗರಿ ಗರಿಯಾಗಿ ಕಾಣುವುದಿಲ್ಲ.

ಕೊನೆಗೆ ಬಸ್ ಹತ್ತಿದೆವು. ಬಸ್ಸಿನ ಬಗ್ಗೆ ಒಳ್ಳೆಯ ಮಾತು ಹೇಳಲು ತುಂಬ ಹುಡುಕಿದೆ, ಸಿಗಲಿಲ್ಲ. ನಿಲ್ಲಲೂ ಜಾಗವಿಲ್ಲ. 150-600 ಎಂಎಂನ ಉದ್ದ ಜೂಮ್ ಲೆನ್ಸ್ ಇದ್ದ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಒಂದು ಕಾಲಿನ ಮೇಲೆ ನಿಂತಿದ್ದೆ. ಪಕ್ಕದಲ್ಲಿ ಈರುಳ್ಳಿ ಮೂಟೆ. ಕಂಡಕ್ಟರ್ ಬ್ಯಾಗನ್ನು ಮೇಲೆ ಎಸೆಯಲು ಹೇಳಿದ. ‘ಎಸೆಯಲು’ ಎಂಬುದೇ ಅವನ ಮಾತು. ನೀವು ಸುಮ್ನೆ ಹಗರಿಬೊಮ್ಮನಹಳ್ಳಿಯಲ್ಲೇ ರೂಮು ಹಿಡಿಯಿರಿ. ಸಾದಾ ಲಾಡ್ಜು, ಬಕೆಟ್ ನೀರು, ಆದರೆ ಕೆರೆ ಹತ್ತಿರ.

ಕೆರೆಗೆ ಮಧ್ಯಾಹ್ನ ಮೂರೂವರೆಗೆ ತಲುಪಿದರೆ ಸಾಕು. ಮೊದಲು ಕ್ಯಾಮೆರಾ ತೆಗೆಯಬೇಡಿ. ಒಂದು ಚಿಟಿಕೆ ಮಣ್ಣು ಎತ್ತಿ ಬಿಡಿ, ಗಾಳಿ ಎತ್ತ ಬೀಸುತ್ತಿದೆ ನೋಡಿ. ಕೊಕ್ಕರೆ ಇಳಿಯುವುದೂ ಏಳುವುದೂ ಗಾಳಿಗೆ ಎದುರಾಗಿ. ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗೆ ಬರುವ ಜಾಗ ಸಿಕ್ಕರೆ ಅವು ನಿಮ್ಮ ಕಡೆ ಮುಖ ಮಾಡಿ, ಮೈ ಮೇಲೆ ಬೆಳಕು ಹೊತ್ತುಕೊಂಡು ಇಳಿಯುತ್ತವೆ. ಎರಡೂ ಕೂಡಿ ಬರುವುದು ಎಲ್ಲ ದಿನ ಆಗುವುದಿಲ್ಲ. ಒಂದನ್ನು ಬಿಡಬೇಕಾದರೆ ಗಾಳಿ ಬಿಡಿ, ಬೆಳಕು ಬಿಡಬೇಡಿ. ಏರಿ ಉದ್ದಕ್ಕೂ ನಡೆದು ಜಾಗ ಹುಡುಕಿ, ಸಿಕ್ಕ ಮೇಲೆ ಅಲ್ಲಾಡಬೇಡಿ. ಹಕ್ಕಿ ಹಿಂದೆ ಓಡುವವರಿಗೆ ಫೋಟೋ ಸಿಗುವುದಿಲ್ಲ.

ಸೆಟ್ಟಿಂಗ್ ವಿಷಯದಲ್ಲಿ ನನ್ನದು ಒಂದೇ ಹಟ, ಮ್ಯಾನುವಲ್ ಮೋಡ್, ಅಂದರೆ ಬೆಳಕು ಎಷ್ಟು ಬೇಕೆಂದು ನಾವೇ ಹೊಂದಿಸುವುದು. ಬಿಳಿ ಹಕ್ಕಿ ಒಮ್ಮೆ ಕಪ್ಪು ಮರದ ಮುಂದೆ, ಮರುಕ್ಷಣ ಬೆಳ್ಳನೆಯ ಆಕಾಶದ ಮುಂದೆ ಹಾರುತ್ತದೆ. ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಟ್ಟರೆ ಮರದ ಮುಂದೆ ಗರಿ ಸುಣ್ಣ ಬಳಿದಂತಾಗುತ್ತದೆ, ಆಕಾಶದ ಮುಂದೆ ಹಕ್ಕಿ ಕಪ್ಪಾಗುತ್ತದೆ. ಹಕ್ಕಿಯ ಮೇಲಿನ ಬಿಸಿಲು ಮಾತ್ರ ಎರಡೂ ಕಡೆ ಅದೇ. ಹಾಗಾಗಿ ಬಿಸಿಲಲ್ಲಿ ಕೂತ ಒಂದು ಬೆಳ್ಳಕ್ಕಿಗೆ ಬೆಳಕಿನ ಅಳತೆ ಹಿಡಿದು, ಬಿಳಿ ಸುಡದ ಹಾಗೆ ಹೊಂದಿಸಿಕೊಂಡು ಬಿಡಿ. ಹತ್ತು ನಿಮಿಷಕ್ಕೊಮ್ಮೆ ಮತ್ತೆ ನೋಡಿದರೆ ಆಯಿತು. ಶಟರ್ ವೇಗ ಕೆಂಬರಲಿಗೆ, ಬೆಳ್ಳಕ್ಕಿಗೆ 1/2000 ಸೆಕೆಂಡ್. ಬಣ್ಣದ ಕೊಕ್ಕರೆ ನಿಧಾನಸ್ಥ, ಅದಕ್ಕೆ 1/1250 ಸಾಕು. ಬೆಳಕು ಇಳಿದಾಗ ರೆಕ್ಕೆ ಚಾಚಿ ತೇಲುವವನ್ನು 1/800ರಲ್ಲೂ ಹಿಡಿಯಬಹುದು. ಫೋಕಸ್ ಪಾಯಿಂಟ್‌ಗಳ ಸಣ್ಣ ಗುಂಪು ಇಟ್ಟುಕೊಳ್ಳಿ. ಪೂರ್ತಿ ಫ್ರೇಮಿಗೆ ಬಿಟ್ಟರೆ ಅದು ಜಾಲಿ ಕೊಂಬೆಗೇ ಕಚ್ಚಿಕೊಳ್ಳುತ್ತದೆ. ಜೂಮ್ ಸ್ವಲ್ಪ ಹಿಂದಕ್ಕೆ ಇರಲಿ, ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಫ್ರೇಮಿನ ಆಚೆ ಹೋಗುತ್ತದೆ.

ಏಳುವ ಹಕ್ಕಿ ಮುಂಚೆಯೇ ಸುಳಿವು ಕೊಡುತ್ತದೆ. ಗಾಳಿಗೆ ಮುಖ ತಿರುಗಿಸುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಕಾಲು ಮಡಿಯುತ್ತದೆ. ಬಹಳ ಸಲ ಪಿಚಕ್ಕನೆ ಹಿಕ್ಕೆ ಹಾಕಿ ಹಗುರಾಗುತ್ತದೆ. ಆಗ ಬೆರಳು ತಯಾರಿರಲಿ. ಇಳಿಯುವಾಗ ಬಣ್ಣದ ಕೊಕ್ಕರೆ ಚಾಚಿದ್ದ ಕಾಲು ಜೋಲು ಬಿಟ್ಟು, ರೆಕ್ಕೆಯನ್ನು ಬಟ್ಟಲಾಗಿ ಬಗ್ಗಿಸಿ ಬ್ರೇಕ್ ಹಾಕುತ್ತದೆ. ಬಾಲದ ಹತ್ತಿರದ ಗುಲಾಬಿ ಗರಿಗಳು ಪೂರ್ತಿ ಬಿಚ್ಚಿಕೊಳ್ಳುವುದು ಆ ಒಂದು ಕ್ಷಣ. ನನಗೆ ಅದಕ್ಕಿಂತ ಇಷ್ಟವಾದದ್ದು ಕರಿತಲೆ ಕೆಂಬರಲು. ಅದರ ರೆಕ್ಕೆಯ ಅಡಿಯಲ್ಲಿ ಗರಿಯಿಲ್ಲದ ಚರ್ಮದ ಪಟ್ಟಿ ಇದೆ, ಗೂಡು ಕಟ್ಟುವ ಕಾಲಕ್ಕೆ ರಕ್ತಗೆಂಪು. ಹೊತ್ತು ನೆತ್ತಿಗೇರಿದಾಗ ಅದು ನೆರಳಲ್ಲಿ ಮುಚ್ಚಿಹೋಗುತ್ತದೆ. ಸಂಜೆ ಐದೂವರೆಯ ಓರೆ ಬಿಸಿಲು ರೆಕ್ಕೆಯಡಿಗೆ ನುಗ್ಗಿದಾಗ ಮಾತ್ರ ಅದು ಹೊಳೆಯುತ್ತದೆ.

ನಾವಿದ್ದಾಗ ಒಂದಷ್ಟು ಹುಡುಗರು ಹಕ್ಕಿ ಎಬ್ಬಿಸಲು ಚಪ್ಪಾಳೆ ತಟ್ಟಿ ಕೇಕೆ ಹಾಕಿದರು. ಸಾವಿರಾರು ಹಕ್ಕಿ ಒಟ್ಟಿಗೆ ಎದ್ದವು, ನಿಜ. ಆ ಫೋಟೋದಲ್ಲಿ ಎಲ್ಲ ಬೆನ್ನೇ. ಮೇಲಾಗಿ ಗೂಡಿನಲ್ಲಿ ಮೊಟ್ಟೆಯಿದ್ದರೆ ಕಾಗೆಗೆ ಹಬ್ಬ. ಊರಿನ ಹಿರಿಯರೊಬ್ಬರು ಬಂದು ಗದರಿಸಿದ ಮೇಲೆ ಜಾಗ ಖಾಲಿ ಮಾಡಿದರು.

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೋರ್ಡೇ ಇಲ್ಲದ ಒಂದು ಮಿರ್ಚಿ ಅಂಗಡಿ ಇದೆ. ಈ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಜಾಗ ಇದೊಂದೇ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಕೈತುಂಬ ಪುಟಾಣಿ ಪುಡಿ ಉದುರಿಸುತ್ತಾರೆ. ಅಲ್ಲಿ ಇದಕ್ಕೆ ವಗ್ಗಾಣಿ ಅನ್ನುತ್ತಾರೆ. ಮಿರ್ಚಿಯನ್ನು ಕೇಳಿದ ಮೇಲೇ ಬಾಣಲೆಗೆ ಬಿಡುತ್ತಾರೆ. ಹೊರಗಿನ ಹಿಟ್ಟು ಗರಿಗರಿ, ಸೀಳಿದ ಮೆಣಸಿನಕಾಯಿಯೊಳಗೆ ಅಜವಾನ, ಉಪ್ಪು. ಎರಡು ಮಿರ್ಚಿ ಸೇರಿ ಪ್ಲೇಟಿಗೆ 40 ರೂಪಾಯಿ. ಪುಡಿ ಇನ್ನೊಂದಿಷ್ಟು ಅಂದರೆ ಮುಖ ಸಿಂಡರಿಸದೆ ಹಾಕುತ್ತಾರೆ. ಬೆಳಿಗ್ಗೆ ತಿಂದು ಸಂಜೆ ಮತ್ತೆ ಹೋದರೆ ಅಜ್ಜ ಕೇಳದೇ ಎರಡು ಪ್ಲೇಟ್ ಇಟ್ಟರು. ಚಹಾ ಸಿಹಿ ಜಾಸ್ತಿ, ಆದರೂ ಆ ಖಾರಕ್ಕೆ ಅದೇ ಸರಿ.

ತುಂಗಭದ್ರಾ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ ಎಂದು ಅಲ್ಲಿಗೂ ಹೋದೆವು. ಬಂದಿದ್ದವು, ತುಂಬ ದೂರದಲ್ಲಿ. ಹಂಪಿ ಬಗ್ಗೆ ಬರೆಯುವವರು ಸಾಕಷ್ಟಿದ್ದಾರೆ.

ಸಂಜೆಯ ಆಟದಲ್ಲಿ ತೊಡಕು ಒಂದೇ, ವಾಪಸ್ ಬರುವುದು. ಆರು ದಾಟಿದ ಮೇಲೂ ಹಕ್ಕಿಗಳು ಬರುತ್ತಲೇ ಇರುತ್ತವೆ, ಗಾಡಿಗಳು ಬರುವುದಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಬರುವಾಗಲೇ ಹೋಗಿ ಬರುವುದಕ್ಕೆ ಆಟೋ ಮಾತಾಡಿಕೊಳ್ಳಿ. ಕಾಯುವ ಹೊತ್ತಿನ ದುಡ್ಡನ್ನೂ ಆಗಲೇ ಗಟ್ಟಿ ಮಾಡಿ, ಅರ್ಧ ಮಾತ್ರ ಮುಂಗಡ ಕೊಡಿ.